ಪಾಸಾದ ಪಾಠವನ್ನು ಮತ್ತೆ ಓದಬೇಕೇ?

ಪದವಿ ಪರೀಕ್ಷೆಯ ಫಲಿತಾಂಶ ಪ್ರಕಟವಾಗಿ, ಸ್ನಾತಕೋತ್ತರ ತರಗತಿಗಳ ಅರ್ಜಿಗೆ ಕೊನೆಯ ದಿನ ಸಮೀಪಿಸುವ ವಾರಗಳಲ್ಲಿ ಧರ್ಮಕೇಂದ್ರದ ಕಚೇರಿಗೆ ಬರುವ ಯುವಜನರ ಸಂಖ್ಯೆ ಹೆಚ್ಚಾಗುವುದನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ಬಾಯಿಬಿಟ್ಟು ಹೇಳುವ ಕಾರಣ ಜ್ಞಾನಸ್ನಾನದ ಪ್ರಮಾಣಪತ್ರವೋ ಶಿಫಾರಸು ಪತ್ರವೋ ಆಗಿರುತ್ತದೆ. ಕಾಗದ ಕೈಗೆ ಬಂದೊಡನೆ ಬಹುತೇಕ ಮಂದಿ ಎದ್ದು ಹೋಗುತ್ತಾರೆ. ಏಳದೆ, ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಕುಳಿತವರಲ್ಲಿ ಮಾತ್ರ ನಿಜವಾದ ಪ್ರಶ್ನೆಯೊಂದು ಇರುತ್ತದೆ.

2025ರ ನವೆಂಬರ್ ತಿಂಗಳಿನಲ್ಲಿ ಹಾಗೆ ಕುಳಿತಿದ್ದವಳು ಕಂಪ್ಲಿಯ ಕಡೆಯ ಒಬ್ಬ ಹೆಣ್ಣುಮಗಳು. ಬಿ.ಎಸ್ಸಿ. ಮುಗಿಸಿದ್ದಳು. ಗಣಿತದಲ್ಲಿ ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಪಾಠ ಹೇಳಬೇಕೆಂಬುದು ಅವಳ ಆಸೆ. ಎಲ್ಲ ಪತ್ರಿಕೆಗಳಲ್ಲಿಯೂ ತೇರ್ಗಡೆಯಾಗಿದ್ದಳು. ಆದರೆ ರಿಯಲ್ ಅನಾಲಿಸಿಸ್ ಎಂಬ ಒಂದು ಪತ್ರಿಕೆಯಲ್ಲಿ ಪಾಸಾಗಲು ಬೇಕಾದುದಕ್ಕಿಂತ ಮೂರೇ ಅಂಕ ಹೆಚ್ಚು ಬಂದಿತ್ತು. "ಫಾದರ್, ಪ್ರಮೇಯಗಳನ್ನೆಲ್ಲ ಬಾಯಿಪಾಠ ಮಾಡಿ ಬರದೀನಿ. ಒಂದೂ ಅರ್ಥ ಆಗಿಲ್ಲ. ಎಂ.ಎಸ್ಸಿ.ಯ ಮೊದಲನೇ ಸೆಮಿಸ್ಟರಿನಾಗ ಇದರ ಮುಂದಿನ ಪಾಠಾನೇ ಐತಿ. ಈಗ ಹೋಗ್ಲೋ, ಒಂದು ವರ್ಷ ನಿಂತು ಇದನ್ನ ಮತ್ತ ಓದ್ಲೋ?" ಎಂದಳು.

ಜೊತೆಗೆ ಬಂದಿದ್ದ ಅವಳ ತಂದೆ ಬಾಗಿಲ ಬಳಿಯೇ ನಿಂತಿದ್ದರು. "ಪಾಸಾಗ್ಯಾಳಲ್ಲ ಫಾದರ್, ಪಾಸಾದದ್ದನ್ನ ಮತ್ಯಾಕ ಓದಬೇಕು?" ಎಂಬುದಷ್ಟೇ ಅವರ ಮಾತು.

ಇಬ್ಬರ ಪ್ರಶ್ನೆಗೂ ನಾವು ಅಂದೇ ಉತ್ತರ ಕೊಡಲಿಲ್ಲ. ಒಂದು ವಾರದ ಅವಧಿ ಕೇಳಿದೆವು. ಅದಕ್ಕೆ ಕಾರಣವಿತ್ತು, ಹಿಂದೊಮ್ಮೆ ಇದೇ ಪ್ರಶ್ನೆಗೆ ಅರ್ಧ ನಿಮಿಷದಲ್ಲಿ ಉತ್ತರ ಕೊಟ್ಟು ನಾವು ಕೆಟ್ಟಿದ್ದೆವು. ಆ ಸಂಗತಿಯನ್ನು ಮುಂದೆ ಹೇಳುತ್ತೇವೆ.

ಮೊದಲು ಪ್ರಶ್ನೆಯನ್ನು ಸರಿಯಾಗಿ ಬಿಡಿಸಿಕೊಳ್ಳಬೇಕು. ನಪಾಸಾದವನಿಗೆ ಆಯ್ಕೆಯಿಲ್ಲ, ಅವನು ಮತ್ತೆ ಬರೆಯಲೇಬೇಕು. ಇಲ್ಲಿ ನಾವು ಮಾತನಾಡುತ್ತಿರುವುದು ಪಾಸಾಗಿಯೂ ಕಲಿಯದವರ ವಿಷಯ. ಅವರನ್ನು ಯಾರೂ ತಡೆಯುವುದಿಲ್ಲ. ಅಂಕಪಟ್ಟಿ ಅವರ ಪರವಾಗಿ ಸಾಕ್ಷಿ ಹೇಳುತ್ತದೆ, ಬಂಧುಗಳು ಪೇಡೆ ಹಂಚುತ್ತಾರೆ. ತನಗೆ ಏನು ಬರುವುದಿಲ್ಲ ಎಂಬುದು ಆ ವಿದ್ಯಾರ್ಥಿಗೆ ಮಾತ್ರ ಗೊತ್ತು. ತರ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, 'ಬಲ್ಲವನು ಪಾಸಾಗುತ್ತಾನೆ' ಎಂಬ ವಾಕ್ಯದಿಂದ 'ಪಾಸಾದವನು ಬಲ್ಲವನು' ಎಂಬ ವಾಕ್ಯವನ್ನು ಹೊರಡಿಸಲು ಬರುವುದಿಲ್ಲ. ನಮ್ಮ ಸಮಾಜವಾದರೋ ಈ ತಪ್ಪನ್ನು ದಿನವೂ ಮಾಡುತ್ತದೆ.

ನಮ್ಮ ಶಿಕ್ಷಣ ಕ್ರಮದ ಒಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ಪರೀಕ್ಷೆಯನ್ನು ಮತ್ತೆ ಬರೆಯಲು ನಮ್ಮಲ್ಲಿ ದಾರಿಗಳಿವೆ. ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಮಕ್ಕಳಿಗೆ 2024ರಿಂದ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ನಡೆಸುವ, ಅವುಗಳಲ್ಲಿ ಉತ್ತಮವಾದ ಅಂಕಗಳನ್ನು ಉಳಿಸಿಕೊಳ್ಳುವ ಪದ್ಧತಿಯನ್ನು ನಮ್ಮ ರಾಜ್ಯ ತಂದಿತು. ಮಕ್ಕಳ ಎದೆಯ ಮೇಲಿನ ಭಾರವನ್ನು ಅದು ಬಹುಮಟ್ಟಿಗೆ ಇಳಿಸಿತೆಂಬುದರಲ್ಲಿ ಸಂದೇಹವಿಲ್ಲ. ಪದವಿ ತರಗತಿಯವರಿಗೂ ಆಯಾ ವಿಶ್ವವಿದ್ಯಾನಿಲಯದ ನಿಯಮಾವಳಿಗೆ ಒಳಪಟ್ಟು ಮತ್ತೆ ಬರೆಯುವ ಅವಕಾಶಗಳುಂಟು. ಆದರೆ ತರಗತಿಯಲ್ಲಿ ಮತ್ತೆ ಕೂರುವ ಅವಕಾಶ? ಅದನ್ನು ಕೇಳಿದರೆ ಕಾಲೇಜಿನ ಕಚೇರಿಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಪಾಶ್ಚಾತ್ಯ ದೇಶಗಳ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಒಂದು ವಿಷಯವನ್ನು ಮತ್ತೆ ತೆಗೆದುಕೊಳ್ಳುವುದೆಂದರೆ ಆ ಪಾಠವನ್ನು ಮೊದಲಿನಿಂದ ಕೇಳುವುದು. ನಮ್ಮಲ್ಲಿ ಅದೇ ಮಾತಿಗೆ ಶುಲ್ಕ ಕಟ್ಟಿ, ಹಾಲ್ ಟಿಕೆಟ್ ಪಡೆದು, ಮೂರು ಗಂಟೆ ಬರೆದು ಬರುವುದು ಎಂದರ್ಥ. ಕಲಿಯದೆ ಒಮ್ಮೆ ಬರೆದವನು ಕಲಿಯದೆಯೇ ಇನ್ನೊಮ್ಮೆ ಬರೆಯುತ್ತಾನೆ.

ಪಠ್ಯಕ್ರಮ ಬದಲಾದಾಗಲಂತೂ ತೊಡಕು ಇಮ್ಮಡಿಯಾಗುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷಗಳ ಪದವಿಯನ್ನು ಕರ್ನಾಟಕ 2021ರಲ್ಲಿ ಆರಂಭಿಸಿತು. 2024ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ನಡುವಿನ ತಂಡಗಳ ಮಕ್ಕಳು ಹಿಂದಿರುಗಿ ನೋಡಿದರೆ ತಾವು ಓದಿದ ಪತ್ರಿಕೆ ಅದೇ ಹೆಸರಿನಲ್ಲಿ, ಅದೇ ಸೆಮಿಸ್ಟರಿನಲ್ಲಿ ಇಲ್ಲದಿರುವುದುಂಟು. ನೀತಿ ಯಾವುದು ಮೇಲು ಎಂಬ ಚರ್ಚೆ ನಮ್ಮದಲ್ಲ. ಸೇತುವೆಯ ಎರಡೂ ತುದಿಗಳನ್ನು ಎಳೆದಾಡಿದರೆ ನಡುವೆ ನಿಂತವರು ಏನು ಮಾಡಬೇಕು ಎಂಬುದಷ್ಟೇ ನಮ್ಮ ಪ್ರಶ್ನೆ.

ಈಗ ನಾವು ಕೆಟ್ಟ ಕಥೆ. ಕೆಲವು ವರ್ಷಗಳ ಹಿಂದೆ ಸಂಡೂರಿನ ಒಬ್ಬ ಹುಡುಗ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಲು ಹೊರಟಿದ್ದ. ಬುದ್ಧಿವಂತ, ಸಂಕೋಚದವನು, ಪೂಜೆಯಲ್ಲಿ ಗಾನವೃಂದದೊಡನೆ ಕೀಬೋರ್ಡ್ ನುಡಿಸುತ್ತಿದ್ದವನು. ಪದವಿಯ ಗಣಿತ ತನಗೆ ಕೈಹಿಡಿದಿಲ್ಲವೆಂದೂ, ಅಂಕ ಹೇಗೋ ಬಂದಿದೆಯೆಂದೂ, ಒಂದು ವರ್ಷ ಕುಳಿತು ಅದನ್ನು ಗಟ್ಟಿಮಾಡಿಕೊಳ್ಳಲೇ ಎಂದೂ ನಮ್ಮನ್ನು ಕೇಳಿದ್ದ. ನಾವು ನಕ್ಕು, "ಪಾಸಾದದ್ದು ಪಾಸಾಯಿತು, ಹೋಗು. ಅಲ್ಲಿಗೆ ಹೋದ ಮೇಲೆ ತಾನಾಗಿ ಬರುತ್ತದೆ" ಎಂದೆವು. ಬೆನ್ನು ತಟ್ಟಿ ಕಳುಹಿಸಿದೆವು. ಅವನು ಊರಿನಿಂದ ದೂರದ ಒಂದು ವಿಶ್ವವಿದ್ಯಾನಿಲಯಕ್ಕೆ ಸೇರಿದ. ಮೊದಲ ಸೆಮಿಸ್ಟರಿನಲ್ಲಿ ಎರಡು ಪತ್ರಿಕೆ ಉಳಿಯಿತು, ಎರಡನೆಯದರಲ್ಲಿ ಮೂರು. ಮೂರನೆಯ ಸೆಮಿಸ್ಟರಿನ ನಡುವೆ ಗಂಟುಮೂಟೆ ಕಟ್ಟಿಕೊಂಡು ಮರಳಿದ. ಈಗ ಗಣಿಯ ಕಡೆ ವೇಬ್ರಿಡ್ಜ್‌ನಲ್ಲಿ ಅದಿರು ಲಾರಿಗಳ ತೂಕ ಬರೆದುಕೊಳ್ಳುವ ಕೆಲಸದಲ್ಲಿದ್ದಾನೆ. ಅದು ಮರ್ಯಾದೆಯ ದುಡಿಮೆಯೇ. ಅದನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಅವನು ಕೇಳಿದ್ದು ಒಂದು ವರ್ಷ, ನಮ್ಮ ಮಾತಿನಿಂದ ಕಳೆದುಕೊಂಡದ್ದು ಒಂದೂವರೆ ವರ್ಷ ಮತ್ತು ತನ್ನ ಮೇಲಿನ ನಂಬಿಕೆ. ಅವನು ಇಂದಿಗೂ ನಮ್ಮನ್ನು ಕಂಡರೆ ಕೈಮುಗಿಯುತ್ತಾನೆ. ಅದು ನಮಗೆ ಬೈಗುಳಕ್ಕಿಂತ ಕಷ್ಟದ್ದು.

ಆ ಹುಡುಗನಿಗೆ ಹಾಗೆ ಹೇಳಿದ ನಾವು ಬೇರೆಯವರಾಗಿದ್ದರೆ ಕ್ಷಮೆಯಿತ್ತು. ಏಕೆಂದರೆ ನಾವೇ ಒಮ್ಮೆ ಪಾಸಾದ ಪಾಠವನ್ನು ಮತ್ತೆ ಓದಿದವರು. ಗುರುಮಠದಲ್ಲಿ ತತ್ತ್ವಶಾಸ್ತ್ರದ ಮೊದಲ ವರ್ಷ ತರ್ಕ ಕಲಿಸುತ್ತಿದ್ದರು. ಅನುಮಾನ ವಾಕ್ಯಗಳ ಸರಿಯಾದ ರೂಪಗಳನ್ನು ನೆನಪಿಡಲು 'ಬಾರ್ಬರಾ, ಸೆಲಾರೆಂಟ್' ಎಂದು ಆರಂಭವಾಗುವ ಮಧ್ಯಯುಗದ ಒಂದು ಲ್ಯಾಟಿನ್ ಸೂತ್ರವಿದೆ. ಅದನ್ನು ಜಪದಂತೆ ಒಪ್ಪಿಸಿ ನಾವು ಒಳ್ಳೆಯ ಅಂಕ ಪಡೆದೆವು. ಒಂದು ಅಕ್ಷರವೂ ತಿಳಿದಿರಲಿಲ್ಲ. ಮುಂದೆ ಅಕ್ವಿನೋದ ಸಂತ ತೋಮಸರ ಗ್ರಂಥವನ್ನು ಓದಲು ಕುಳಿತಾಗ, ಮೊದಲು ಆಕ್ಷೇಪಗಳು, ಅನಂತರ ಪ್ರತಿಪಕ್ಷ, ಅನಂತರ ಉತ್ತರ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ ಎಂಬ ಆ ಕ್ರಮದಲ್ಲಿ ಆಕ್ಷೇಪ ಎಲ್ಲಿ ಮುರಿಯುತ್ತದೆಂಬುದು ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ವೃದ್ಧ ಗುರುಗಳೊಬ್ಬರು ಇದನ್ನು ಕಂಡುಹಿಡಿದು, ನಮ್ಮನ್ನು ಬೈಯದೆ, ಹೊಸದಾಗಿ ಸೇರಿದ ಹುಡುಗರ ತರ್ಕದ ತರಗತಿಯಲ್ಲಿ ಹಿಂದಿನ ಬೆಂಚಿಗೆ ಕಳುಹಿಸಿದರು. ಮೂರು ವರ್ಷ ಚಿಕ್ಕವರ ನಡುವೆ ಒಂದು ಅರ್ಧವರ್ಷ ಕುಳಿತೆವು. ಮೊದಲ ವಾರ ಕಿವಿ ಬಿಸಿಯಾಗಿತ್ತು. ಮೂರನೆಯ ವಾರದಿಂದ ಕಿವಿಯ ನೆನಪೇ ಬರಲಿಲ್ಲ. ಅದಕ್ಕೆ ಅಂಕವೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ.

ಆ ದಿನಗಳಲ್ಲಿ ಆ ಗುರುಗಳು ನಮಗೆ ನೆನಪಿಸಿದ್ದು ಲೊಯೋಲಾದ ಸಂತ ಇಗ್ನಾಸಿಯವರನ್ನು. 1521ರಲ್ಲಿ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿಯ ಗುಂಡಿನಿಂದ ಕಾಲು ಮುರಿದುಕೊಂಡ ಸೈನಿಕ ದೇವರ ಕಡೆ ತಿರುಗಿದ ಕಥೆ ನಮ್ಮ ಜನಕ್ಕೆ ಗೊತ್ತು. ಅನಂತರ ಅವರು ಪಟ್ಟ ಓದಿನ ಪಾಡು ಅಷ್ಟಾಗಿ ಗೊತ್ತಿಲ್ಲ. 1524ರಲ್ಲಿ ಪವಿತ್ರ ನಾಡಿನ ಯಾತ್ರೆಯಿಂದ ಮರಳಿ, ಮೂವತ್ತು ದಾಟಿದ ವಯಸ್ಸಿನಲ್ಲಿ, ಬಾರ್ಸಿಲೋನಾದಲ್ಲಿ ಚಿಕ್ಕ ಹುಡುಗರ ನಡುವೆ ಕುಳಿತು ಲ್ಯಾಟಿನ್ ವ್ಯಾಕರಣ ಆರಂಭಿಸಿದರು. ಪಾಠ ಬಾಯಿಪಾಠ ಮಾಡಲು ಕುಳಿತೊಡನೆ ಭಕ್ತಿಯ ಭಾವನೆಗಳು ಉಕ್ಕಿ ಬಂದು ಓದು ನಿಲ್ಲುತ್ತಿತ್ತು. ಪ್ರಾರ್ಥನೆಗೆ ಕುಳಿತಾಗ ಬಾರದ ಭಾವನೆ ವ್ಯಾಕರಣಕ್ಕೆ ಕುಳಿತಾಗ ಮಾತ್ರ ಏಕೆ ಬರುತ್ತದೆಂದು ಯೋಚಿಸಿ, ಇದು ಪ್ರಲೋಭನೆಯೆಂದು ಅವರು ತೀರ್ಮಾನಿಸಿದರು. ಗುರು ಅರ್ದೆವೋಲ್ ಅವರ ಬಳಿ ಹೋಗಿ, ಬಾರ್ಸಿಲೋನಾದಲ್ಲಿ ರೊಟ್ಟಿ ನೀರು ಸಿಗುವವರೆಗೆ ಎರಡು ವರ್ಷ ತರಗತಿ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟರು. (ಪರೀಕ್ಷೆಯ ಹಿಂದಿನ ದಿನ ಮಾತ್ರ ನವೇನ ಆರಂಭಿಸುವ ನಮ್ಮ ಯುವಮಿತ್ರರು ಈ ಭಾಗವನ್ನು ಎರಡು ಸಲ ಓದಲಿ.)

ಎರಡು ವರ್ಷ ಮುಗಿದಾಗ ಗುರುಗಳು 'ನೀನು ಸಿದ್ಧ, ಅಲ್ಕಲಾದ ವಿಶ್ವವಿದ್ಯಾನಿಲಯಕ್ಕೆ ಹೋಗು' ಎಂದರು. ಇಗ್ನಾಸಿಯವರಿಗೆ ಸಮಾಧಾನವಿಲ್ಲದೆ ದೈವಶಾಸ್ತ್ರದ ಪಂಡಿತರೊಬ್ಬರಿಂದಲೂ ತಮ್ಮನ್ನು ಪರೀಕ್ಷೆ ಮಾಡಿಸಿಕೊಂಡರು. ಅವರೂ ಅದನ್ನೇ ಹೇಳಿದರು. ಎರಡೆರಡು ಕಡೆ ತೇರ್ಗಡೆ! ಅಲ್ಕಲಾದಲ್ಲಿ ತರ್ಕ, ಭೌತಶಾಸ್ತ್ರ, ದೈವಶಾಸ್ತ್ರ ಎಲ್ಲವನ್ನೂ ಒಟ್ಟೊಟ್ಟಿಗೆ ಓದಲು ಹೋದರು, ಯಾವುದೂ ನೆಲೆಯೂರಲಿಲ್ಲ. 1528ರ ಆರಂಭದಲ್ಲಿ ಪ್ಯಾರಿಸ್ಸಿಗೆ ನಡೆದು ಬಂದಾಗ ಅವರು ಮಾಡಿದ ಮೊದಲ ಕೆಲಸ ಏನು? ಮುಂದಿನ ತರಗತಿಗೆ ಸೇರಲಿಲ್ಲ. ಅವಸರದಲ್ಲಿ ಮುಂದೆ ದಾಟಿ ಬಂದದ್ದರಿಂದ ತಮ್ಮ ಬುನಾದಿ ಸಡಿಲವಾಗಿದೆಯೆಂದು ಒಪ್ಪಿಕೊಂಡು, ಮಾಂಟೆಗು ಕಾಲೇಜಿನಲ್ಲಿ ಮತ್ತೆ ಬಾಲಕರ ಜೊತೆ ಕುಳಿತು ಲ್ಯಾಟಿನ್ನನ್ನು ಮೊದಲಿನಿಂದ ಓದಿದರು. ನಂಬಿ ಕೈಯಲ್ಲಿಟ್ಟ ಹಣವನ್ನು ಜೊತೆಗಾರನೊಬ್ಬ ಖರ್ಚು ಮಾಡಿಬಿಟ್ಟ. ಭಿಕ್ಷೆ ಎತ್ತಿ, ಬಡವರ ಛತ್ರದಲ್ಲಿ ಮಲಗಿ ಓದು ಮುಂದುವರಿಸಿದರು. 1529ರಲ್ಲಿ ಸೇಂಟ್ ಬಾರ್ಬ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರಕ್ಕೆ ಸೇರಿದಾಗ ಅವರ ಕೋಣೆಯಲ್ಲಿದ್ದವರು ಪೀಟರ್ ಫಾಬರ್ ಮತ್ತು ನಮ್ಮ ಗೋವೆಗೆ ಮುಂದೆ ಬಂದ ಫ್ರಾನ್ಸಿಸ್ ಕ್ಷೇವಿಯರ್. ಎಂ.ಎ. ಪದವಿಪತ್ರ 1535ರಲ್ಲಿ ಕೈಗೆ ಬಂದಾಗ ಇಗ್ನಾಸಿಯವರ ವಯಸ್ಸು ನಲವತ್ತು ಮೀರಿತ್ತು.

ಈ ಕಥೆಯನ್ನು ತೋರಿಸಿ ಎಲ್ಲರನ್ನೂ ಹಿಂದಿನ ಬೆಂಚಿಗೆ ಕಳುಹಿಸುವುದು ನಮ್ಮ ಉದ್ದೇಶವೆಂದು ವಾಚಕರು ತಿಳಿಯಬಾರದು. ಹೊಸಪೇಟೆಯ ಒಬ್ಬ ಯುವಕನ ನೆನಪಾಗುತ್ತದೆ. ಬಿ.ಕಾಂ.ನಲ್ಲಿ ಒಟ್ಟಾರೆ ಪ್ರಥಮ ದರ್ಜೆ. ಒಂದು ತೆರಿಗೆ ಪತ್ರಿಕೆಯಲ್ಲಿ ಮಾತ್ರ ಅಂಕ ಕಡಿಮೆಯಾಗಿತ್ತು. ಅವನ ಮನಸ್ಸಿದ್ದದ್ದು ಇತಿಹಾಸದ ಮೇಲೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಓದಬೇಕು, ತನ್ನ ಊರಿನ ಸುತ್ತಲಿನ ಶಾಸನಗಳ ಮೇಲೆ ಕೆಲಸ ಮಾಡಬೇಕು ಎನ್ನುತ್ತಿದ್ದ. 1991ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾಲಯ ಅವನ ಮನೆಯಿಂದ ಒಂದು ಬಸ್ಸಿನ ದೂರದಲ್ಲಿದೆ. ಆದರೂ ಎರಡು ವರ್ಷ ಅವನು ಆ ತೆರಿಗೆ ಪತ್ರಿಕೆಯನ್ನು ಉತ್ತಮಪಡಿಸಿಕೊಳ್ಳುವ ಯೋಚನೆಯಲ್ಲಿಯೇ ಕಳೆದ. ಶಾಸನ ಓದುವವನಿಗೆ ಆದಾಯ ತೆರಿಗೆಯ ಲೆಕ್ಕದಿಂದ ಏನಾಗಬೇಕು? ಕೇಳಿದರೆ, "ಅಂಕಪಟ್ಟಿ ನೋಡಿದಾಗಲೆಲ್ಲ ಅದೊಂದು ಚುಚ್ಚುತ್ತದೆ ಫಾದರ್" ಎಂದ. ಆ ಚುಚ್ಚುವಿಕೆ ಜ್ಞಾನದ ಹಸಿವಿನದಲ್ಲ, ಗಾಯಗೊಂಡ ಅಭಿಮಾನದ್ದು. ಅವನಿಗೆ ನಾವು ಆ ಪತ್ರಿಕೆಯನ್ನು ಮರೆತುಬಿಡಲು ಹೇಳಿದೆವು; ಈ ಸಲ ನಮ್ಮ ಸಲಹೆ ತಪ್ಪಾಗಲಿಲ್ಲ.

ಅಂಕಗಳ ಭಯ ಹಲವು ಸಲ ನಿಯಮಗಳನ್ನು ಓದದಿರುವುದರಿಂದ ಹುಟ್ಟುತ್ತದೆ. ಉದಾಹರಣೆಗೆ, ಕಾಲೇಜು ಅಧ್ಯಾಪಕರಾಗಲು ಬರೆಯುವ ಯು.ಜಿ.ಸಿ.ಯ ನೆಟ್ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ ಶೇಕಡಾ 55, ಪರಿಶಿಷ್ಟರು ಮತ್ತು ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರೇ ಮೊದಲಾದವರಿಗೆ ಶೇಕಡಾ 50 ಅಂಕ ಬೇಕೆಂಬ ನಿಯಮವಿದೆ. ಅದು ಸ್ನಾತಕೋತ್ತರ ಪದವಿಯ ಅಂಕ, ಬಿ.ಎಸ್ಸಿ.ಯ ಯಾವುದೋ ಒಂದು ಪತ್ರಿಕೆಯದಲ್ಲ. ಪ್ರವೇಶಕ್ಕೆ ಬೇಕಾದ ಕನಿಷ್ಠ ಅಂಕ ಒಟ್ಟಿನಲ್ಲಿ ಬಂದಿದ್ದರೆ, ಒಂದು ಪತ್ರಿಕೆಯ ಅಂಕಕ್ಕಾಗಿ ವರ್ಷ ಕಳೆಯುವುದು ಬಹುತೇಕ ಸಂದರ್ಭಗಳಲ್ಲಿ ವ್ಯರ್ಥ. ಕೆಲವೇ ಅಂಕಗಳಿಂದ ಆ ಕನಿಷ್ಠ ಮಿತಿ ತಪ್ಪುತ್ತಿದ್ದರೆ ಅದು ಬೇರೆ ಮಾತು. ಆಗ ನೆರೆಮನೆಯವರನ್ನಾಗಲಿ, ನಮ್ಮಂಥ ಗುರುಗಳನ್ನಾಗಲಿ ಕೇಳದೆ ವಿಶ್ವವಿದ್ಯಾನಿಲಯದ ನಿಯಮಾವಳಿಯನ್ನು ತಾವೇ ಓದಬೇಕು: ಅಂಕ ಉತ್ತಮಪಡಿಸಿಕೊಳ್ಳಲು ಎಷ್ಟು ವರ್ಷದೊಳಗೆ ಬರೆಯಬೇಕು, ಹೊಸ ಅಂಕ ಕಡಿಮೆ ಬಂದರೆ ಹಳೆಯದು ಉಳಿಯುತ್ತದೆಯೇ, ಎಷ್ಟನೆಯ ಪ್ರಯತ್ನವೆಂಬುದು ಅಂಕಪಟ್ಟಿಯಲ್ಲಿ ಕಾಣುತ್ತದೆಯೇ ಎಂಬುದನ್ನು.

ಕಂಪ್ಲಿಯ ಹೆಣ್ಣುಮಗಳ ಪ್ರಶ್ನೆ ಅಂಕದ್ದಾಗಿರಲಿಲ್ಲ. ಒಟ್ಟು ಅಂಕಗಳು ಪ್ರವೇಶಕ್ಕೆ ಸಾಕಾಗಿದ್ದವು. ಒಂದು ವಾರದ ನಂತರ ಬಂದಾಗ ನಾವು ಅವಳಿಗೆ ಒಂದು ಚಿಕ್ಕ ಪರೀಕ್ಷೆ ಕೊಟ್ಟೆವು. ಗಣಿತ ನಮಗೆ ಬಾರದು. ಆದ್ದರಿಂದಲೇ ಆ ಪರೀಕ್ಷೆ ಚೆನ್ನಾಗಿತ್ತು. "ಒಂದು ಶ್ರೇಣಿಗೆ ಮಿತಿ ಇದೆ ಎಂದರೇನು ಎಂಬುದನ್ನು ನಮಗೆ ತಿಳಿಯುವಂತೆ, ಪುಸ್ತಕ ನೋಡದೆ, ಕನ್ನಡದಲ್ಲಿ ಹೇಳು" ಎಂದೆವು. ಇಂಗ್ಲಿಷಿನ ವಾಕ್ಯವೊಂದನ್ನು ತಪ್ಪಿಲ್ಲದೆ ಹೇಳಿದಳು. "ಎಪ್ಸಿಲಾನ್ ಅಂದರೆ ಯಾರು?" ಎಂದೆವು. ಬಹಳ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲ ಫಾದರ್" ಎಂದಳು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಗಣಿತ ಓದಿ ನೂರಕ್ಕೆ ತೊಂಬತ್ತು ಪಡೆದವಳು. ಪಿ.ಯು.ಸಿ.ಯಲ್ಲಿ ವಿಜ್ಞಾನ ಇಂಗ್ಲಿಷಿಗೆ ಹೊರಳಿದಾಗ ಅರ್ಥವನ್ನು ಬಿಟ್ಟು ವಾಕ್ಯವನ್ನು ಹಿಡಿದುಕೊಂಡಳು. ಸಣ್ಣ ಊರುಗಳ ಎಷ್ಟೋ ಮಕ್ಕಳ ಕಥೆ ಇದೇ. ಅವರಿಗೆ ವಿಷಯ ಕಠಿಣವಾಗಿಲ್ಲ. ವಿಷಯದ ಬಾಗಿಲಲ್ಲಿ ನಿಂತ ಭಾಷೆ ಒಳಗೆ ಬಿಟ್ಟಿಲ್ಲ. ಇಂಥವರು ಬುದ್ಧಿ ಸಾಲದೆಂದು ತಮ್ಮನ್ನು ತಾವೇ ಹಳಿದುಕೊಳ್ಳುವುದನ್ನು ಕಂಡಾಗ ನಮಗೆ ಸಂಕಟವಾಗುತ್ತದೆ.

ಆ ಪತ್ರಿಕೆ ಅವಳ ಮುಂದಿನ ಓದಿನ ತೊಲೆಯೇ ಆಗಿತ್ತು. ಹೊಸಪೇಟೆಯ ಯುವಕನಿಗೆ ತೆರಿಗೆ ಪತ್ರಿಕೆ ಗೋಡೆಯ ಬಣ್ಣವಿದ್ದಂತೆ. ಇವಳಿಗೆ ಇದು ಮಾಡು ಹೊರುವ ಮರ. ಆದ್ದರಿಂದ ಮತ್ತೆ ಓದಬೇಕೆಂಬುದೇ ನಮ್ಮ ಅಭಿಪ್ರಾಯವಾಯಿತು. ಅಭಿಪ್ರಾಯ ಹೇಳುವುದು ಸುಲಭ. ಆ ವರ್ಷದ ಖರ್ಚು ಯಾರದು?

ಇಲ್ಲಿ ಅವಳ ತಂದೆಯ ಕಡೆಯ ಮಾತನ್ನು ನಾವು ಕೇಳಲೇಬೇಕು. ಅವರು ಗುತ್ತಿಗೆಗೆ ಗದ್ದೆ ಹಿಡಿದು ಭತ್ತ ಬೆಳೆಯುವವರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ನಮ್ಮ ಸೀಮೆಯ ಯಾರಿಗೂ ಮರೆಯುವಂಥದಲ್ಲ. ತುಂಬಿದ ಜಲಾಶಯ, ತೂತು ಮುಚ್ಚಬೇಕಾದರೆ ನೀರಿನ ಮಟ್ಟ ಇಳಿಯಬೇಕು. ಅಷ್ಟು ನೀರನ್ನು ನದಿಗೆ ಬಿಡುವಾಗ ಕಂಪ್ಲಿಯ ರೈತರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದರು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದೊಳಗೆ ತಾತ್ಕಾಲಿಕ ಗೇಟನ್ನು ಕೂರಿಸಿದರು. ಆ ವರ್ಷ ಮಳೆ ಕೈಬಿಡಲಿಲ್ಲ. ಆದರೆ ಏಳು ದಶಕ ದುಡಿದ ಉಳಿದ ಗೇಟುಗಳ ಗತಿಯೇನು? ಎಲ್ಲವನ್ನೂ ಬದಲಿಸುವ ಕೆಲಸಕ್ಕಾಗಿ, 2025ರ ನವೆಂಬರ್‌ನಲ್ಲಿ, ಎರಡನೆಯ ಬೆಳೆಗೆ ನೀರು ಬಿಡುವುದಿಲ್ಲವೆಂಬ ತೀರ್ಮಾನವಾಯಿತು. ಆ ಹೆಣ್ಣುಮಗಳು ನಮ್ಮ ಎದುರು ಕುಳಿತದ್ದು ಅದೇ ತಿಂಗಳು. ಅವಳ ಒಂದು ವರ್ಷ ಮತ್ತು ಅವಳ ಮನೆಯ ಒಂದು ಬೆಳೆ ಎರಡೂ ಒಟ್ಟಿಗೆ ನಿಲ್ಲುವ ಸ್ಥಿತಿ.

ಅಣೆಕಟ್ಟಿನ ಗೇಟುಗಳಿಗಾಗಿ ಒಂದು ಬೆಳೆ ಬಿಟ್ಟಂತೆ ಬುನಾದಿಗಾಗಿ ಒಂದು ವರ್ಷ ಬಿಡಬೇಕೆಂದು ಬರೆದುಬಿಡುವುದು ಲೇಖನಿ ಹಿಡಿದವರಿಗೆ ಬಹಳ ಸುಲಭ. ಆ ಮಾತನ್ನು ನಾವು ಅವರ ಮುಂದೆ ಆಡಲಿಲ್ಲ. ಬೆಳೆ ಕಳೆದುಕೊಂಡವರ ಎದುರು ಅವರ ನಷ್ಟವನ್ನೇ ಉಪಮೆಯಾಗಿ ಇಡುವುದು ಸಭ್ಯತೆಯಲ್ಲ. ಆ ಮಾತನ್ನು ಆಡಿದವರು ಅವರೇ. ಬಾಗಿಲ ಬಳಿ ನಿಂತಿದ್ದವರು ಅಂದು ಒಳಗೆ ಬಂದು ಕುಳಿತು, ಸ್ವಲ್ಪ ಹೊತ್ತಿನ ನಂತರ, "ಗೇಟು ರಿಪೇರಿ ಆಗ್ಲೇಬೇಕು ಫಾದರ್, ಅದನ್ನ ನಾವೂ ಬ್ಯಾಡ ಅನ್ನಾಂಗಿಲ್ಲ. ಆದ್ರ ಆ ತನಕ ಉಣ್ಣೋದೇನು?" ಎಂದರು. ಈ ಪ್ರಶ್ನೆಯನ್ನು ಬಿಟ್ಟು ಬುನಾದಿಯ ಬಗ್ಗೆ ಉಪದೇಶ ಮಾಡುವವರು, ನಾವೂ ಸೇರಿದಂತೆ, ಬಾಯಿ ಮುಚ್ಚಿಕೊಳ್ಳುವುದು ಲೇಸು.

ಸಂತ ತೋಮಸರು ವಿವೇಕವೆಂಬ ಸದ್ಗುಣಕ್ಕೆ ಮೂರು ಕ್ರಿಯೆಗಳನ್ನು ಹೇಳುತ್ತಾರೆ: ಆಲೋಚಿಸುವುದು, ನಿರ್ಣಯಿಸುವುದು, ನಿರ್ಣಯವನ್ನು ಆಚರಣೆಗೆ ಇಳಿಸುವ ಆಜ್ಞೆ. ಮೂರರಲ್ಲಿ ಕೊನೆಯದೇ ಮುಖ್ಯವೆಂಬುದು ಅವರ ಮತ. ಆಲೋಚನೆಯನ್ನು ನಿಧಾನವಾಗಿ, ಆಚರಣೆಯನ್ನು ಬೇಗ ಮಾಡಬೇಕೆಂಬ ಲೋಕದ ಮಾತನ್ನು ಅವರಿಗಿಂತ ಮೊದಲೇ ಅರಿಸ್ಟಾಟಲ್ ಎತ್ತಿ ಹೇಳಿದ್ದ. ನಮ್ಮ ಯುವಜನರಲ್ಲಿ ಹಲವರು ಮೊದಲನೆಯ ಕ್ರಿಯೆಯಲ್ಲಿಯೇ ನಿಂತುಬಿಡುತ್ತಾರೆ. ಹತ್ತು ಜನರನ್ನು ಕೇಳುತ್ತಾರೆ, ಹತ್ತು ಉತ್ತರ ಪಡೆಯುತ್ತಾರೆ, ಹನ್ನೊಂದನೆಯವರನ್ನು ಹುಡುಕುತ್ತಾರೆ. ಓದುವ ವರ್ಷ ಕೇಳುವುದರಲ್ಲಿ ಕಳೆಯುತ್ತದೆ.

ಆದ್ದರಿಂದ ಅಂದು ಸಂಜೆಯೇ ಒಂದು ಕಾಗದದ ಮೇಲೆ ಲೆಕ್ಕ ಹಾಕಿದೆವು. ಹೊಸಪೇಟೆಯಲ್ಲಿ ಅವಳಿಗೆ ಹಿಂದೆ ಪಾಠ ಮಾಡಿದ್ದ ಅಧ್ಯಾಪಕಿಯೊಬ್ಬರಿದ್ದಾರೆ. ವಾರಕ್ಕೆ ಎರಡು ದಿನ, ತಮ್ಮ ಬಿಡುವಿನ ಗಂಟೆಯಲ್ಲಿ, ಬಂದು ಕೂರಲು ಒಪ್ಪಿದರು. ಹಣದ ಮಾತನ್ನೇ ಎತ್ತಬೇಡವೆಂದರು. ಕಂಪ್ಲಿಯಿಂದ ಹೊಸಪೇಟೆಗೆ ಬಸ್ಸಿನ ಖರ್ಚಿಲ್ಲ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯನ್ನು ಟೀಕಿಸುವವರು ಇಂಥ ಒಂದು ಸೀಟನ್ನು ನೋಡಬೇಕು. ಉಳಿದ ದಿನಗಳಿಗೆ ಸರ್ಕಾರ 2017ರಲ್ಲಿ ಆರಂಭಿಸಿದ 'ಸ್ವಯಂ' ಎಂಬ ವ್ಯವಸ್ಥೆಯಲ್ಲಿ ಗಣಿತದ ಪಾಠಗಳು ಫೋನಿನಲ್ಲಿಯೇ ಉಚಿತವಾಗಿ ಸಿಗುತ್ತವೆ. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ. ಇಂಗ್ಲಿಷಿನ ಆ ಪಾಠಗಳನ್ನು ಕೇಳಿ, ತನಗೆ ತಿಳಿದದ್ದನ್ನು ಕನ್ನಡದಲ್ಲಿ ಬರೆದು, ಆ ಬರಹವನ್ನೇ ಅಧ್ಯಾಪಕಿಗೆ ತೋರಿಸಬೇಕೆಂಬ ಕರಾರು ನಮ್ಮದು. ಇನ್ನು ಉಣ್ಣುವ ಪ್ರಶ್ನೆ. ಸಂಜೆ ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟರೆ ಮನೆಗೆ ಸ್ವಲ್ಪ ಆದಾಯವಾಗುತ್ತದೆ. ಮಕ್ಕಳನ್ನು ಒಟ್ಟುಗೂಡಿಸುವ ಹೊಣೆಯನ್ನು ಧರ್ಮಕೇಂದ್ರದ ತಾಯಂದಿರು ಹೊತ್ತರು. ಅದು ಒಂದು ಬೆಳೆಗೆ ಸಮವಲ್ಲ. ತಂದೆಯೂ ಅದನ್ನು ಹೇಳಿದರು, ನಾವೂ ಒಪ್ಪಿದೆವು.

ಮರುಪರೀಕ್ಷೆಗೆ ಶುಲ್ಕ ಕಟ್ಟಬೇಡವೆಂದೂ ಹೇಳಿದೆವು. ಅಂಕಪಟ್ಟಿಯಲ್ಲಿ ಆ ಮೂರು ಹೆಚ್ಚುವರಿ ಅಂಕ ಹಾಗೆಯೇ ಇರಲಿ. ಇದನ್ನು ಒಪ್ಪಲು ಅವಳಿಗೆ ಕಷ್ಟವಾಯಿತು. ಓದಿದ್ದಕ್ಕೆ ಸಾಕ್ಷಿ ಬೇಡವೇ ಎಂದಳು. ಸಾಕ್ಷಿ ಎಂ.ಎಸ್ಸಿ.ಯ ಮೊದಲ ಸೆಮಿಸ್ಟರಿನಲ್ಲಿ ಸಿಗುತ್ತದೆ ಎಂದೆವು. ನಮ್ಮ ಜಿಲ್ಲೆಗಳ ಮಕ್ಕಳು ಒಂದು ಕಾಲದಲ್ಲಿ ಸ್ನಾತಕೋತ್ತರ ಓದಿಗೆ ಧಾರವಾಡಕ್ಕೆ, 1980ರ ನಂತರ ಬಹುಮಟ್ಟಿಗೆ ಗುಲಬರ್ಗಕ್ಕೆ ಹೋಗಬೇಕಾಗಿತ್ತು. 2010ರಲ್ಲಿ ಬಳ್ಳಾರಿಯಲ್ಲಿ ಶ್ರೀಕೃಷ್ಣದೇವರಾಯರ ಹೆಸರಿನ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ, ಸಂಡೂರು ತಾಲ್ಲೂಕಿನ ನಂದಿಹಳ್ಳಿಯಲ್ಲಿಯೂ ಅದರ ಕೇಂದ್ರವಿರುವಾಗ, ದೂರದ ಊರಿನ ಭಯವಂತೂ ಕಡಿಮೆಯಾಗಿದೆ. ಸೀಟು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.

ಕಾಲೇಜಿನ ಅಧ್ಯಾಪಕ ಮಿತ್ರರಲ್ಲಿ ನಮ್ಮದೊಂದು ವಿನಂತಿ. ಪಾಸಾಗಿ ಹೋದ ವಿದ್ಯಾರ್ಥಿಯೊಬ್ಬ ಬಂದು ಹಿಂದಿನ ಬೆಂಚಿನಲ್ಲಿ ಕೂರಲೇ ಎಂದು ಕೇಳಿದರೆ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲವೆಂಬ ಕಾರಣಕ್ಕೆ ಅವನನ್ನು ಹೊರಗೆ ಕಳುಹಿಸಬೇಡಿ. ಪ್ರಾಂಶುಪಾಲರ ಒಂದು ಅನುಮತಿಯ ಸಾಲು ಸಾಕಾಗಬಹುದು. ಮನೆಯವರಲ್ಲಿಯೂ ಒಂದು ಮಾತು. ಆ ವರ್ಷ ಬಂಧುಗಳು ಬಂದು, ಮಗಳು ಏನು ಮಾಡುತ್ತಿದ್ದಾಳೆ ಎಂದು ಕೇಳಿದಾಗ 'ಮನೆಯಲ್ಲಿ ಇದ್ದಾಳೆ' ಎನ್ನಬೇಡಿ. ಆ ಎರಡು ಪದಗಳ ಹಿಂದೆಯೇ ವರನ ಜಾತಕ, ಫೋಟೋ ಬರತೊಡಗುತ್ತವೆ. 'ಓದುತ್ತಿದ್ದಾಳೆ' ಎನ್ನಿ. ಅದು ಸತ್ಯವೂ ಹೌದು.

ಮೊನ್ನೆ ಪೂಜೆಯ ನಂತರ ಅವಳು ತನ್ನ ನೋಟುಪುಸ್ತಕ ತಂದು ತೋರಿಸಿದಳು. ಮೊದಲ ಅಧ್ಯಾಯ ಮುಗಿಯಲು ಐದು ವಾರ ಹಿಡಿಯಿತಂತೆ. ಎಪ್ಸಿಲಾನ್ ಯಾರೆಂದು ನಾವು ಕೇಳುವ ಮೊದಲೇ ಹೇಳತೊಡಗಿದಳು: ಎದುರಾಳಿ ಎಷ್ಟು ಸಣ್ಣ ಅಂತರ ಕೊಟ್ಟರೂ ಸರಿ, ಒಂದು ಹಂತದ ನಂತರದ ಎಲ್ಲ ಸಂಖ್ಯೆಗಳೂ ಆ ಅಂತರದೊಳಗೇ ಇರುತ್ತವೆಂದು ತೋರಿಸಬೇಕು, ಎದುರಾಳಿ ಕೊಡುವ ಆ ಅಂತರವೇ ಎಪ್ಸಿಲಾನ್. ನಮಗೆ ಮುಕ್ಕಾಲು ಪಾಲು ತಿಳಿಯಿತು. ಪಕ್ಕದಲ್ಲಿದ್ದ ಅವಳ ತಮ್ಮ ತನಗೆ ಪೂರ್ತಿ ತಿಳಿಯಿತೆಂದ. ಎರಡನೆಯ ಅಧ್ಯಾಯ ಈಗ ನಡೆಯುತ್ತಿದೆ.